ಕಕ್ಕಯ್ಯನ ಕೈ: ತೊಗಲಿನ ಹದ ಮತ್ತು ಕನ್ನಡ ವಿಮರ್ಶೆಯ ಮೌನ

1. ಪೀಠಿಕೆ

ಟಿಟ್ವಾಳಾದಿಂದ ಮುಂಬಯಿಯತ್ತ ಹೊರಡುವ ಲೋಕಲ್ ಗಾಡಿ ಅಂಬಿವಲಿ, ಶಹಾಡಗಳನ್ನು ದಾಟಿ ಕಲ್ಯಾಣಕ್ಕೆ ಬಂದು ನಿಲ್ಲುತ್ತದೆ. ಈ ಹಾದಿಯಲ್ಲಿ ಓಡಾಡುವ ಕನ್ನಡಿಗರಿಗೆ ಆ ಹೆಸರು ಕಿವಿಗೆ ಬಿದ್ದಾಗ ಬೀದರ ಜಿಲ್ಲೆಯ ಇನ್ನೊಂದು ಕಲ್ಯಾಣ ನೆನಪಾಗುವುದು ಸಹಜ. ಹೆಸರುಗಳ ಈ ಹೋಲಿಕೆ ಆಕಸ್ಮಿಕವಾದುದು. ಅದರ ಮೇಲೆ ಯಾವ ಸಿದ್ಧಾಂತವನ್ನೂ ಕಟ್ಟಲಾಗದು. ಆದರೆ ಅದೇ ದಾರಿಯಲ್ಲಿ ಮುಂದುವರಿದು ಸಾಯನ್ ನಿಲ್ದಾಣದಲ್ಲಿ ಇಳಿದು ಧಾರಾವಿಯನ್ನು ಹೊಕ್ಕರೆ ಎದುರಾಗುವ ಮತ್ತೊಂದು ಹೆಸರು ಆಕಸ್ಮಿಕವಲ್ಲ. ಅಲ್ಲಿಯ ಒಂದು ರಸ್ತೆಗೆ ಸಂತ ಕಕ್ಕಯ್ಯ ಮಾರ್ಗವೆಂದು ಹೆಸರು. ಈ ಕಕ್ಕಯ್ಯ 12ನೆಯ ಶತಮಾನದ ವಚನಕಾರ ಡೋಹರ ಕಕ್ಕಯ್ಯನೇ. ಕನ್ನಡ ನಾಡಿನ ಹೊರಗೆ ಕನ್ನಡದ ಕವಿಯೊಬ್ಬನ ಹೆಸರನ್ನು ಇಷ್ಟು ಮಂದಿ ದಿನನಿತ್ಯದ ಅಂಚೆ ವಿಳಾಸವಾಗಿ ಬರೆಯುವ ಇನ್ನೊಂದು ನಿದರ್ಶನ ಸುಲಭವಾಗಿ ಸಿಗದು.

ಈ ಹೆಸರನ್ನು ಅಲ್ಲಿಗೆ ತಂದವರು ಸಾಹಿತ್ಯಾಭ್ಯಾಸಿಗಳಲ್ಲ; ತೊಗಲು ಹದಮಾಡುವ ಕಸುಬಿನ ಧೋರ ಸಮುದಾಯದವರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಾಂದ್ರಾದಲ್ಲಿ ಕಸಾಯಿಖಾನೆ ನೆಲೆಗೊಂಡ ಮೇಲೆ ಅದರ ನೆರೆಯ ಧಾರಾವಿ ತೊಗಲಿನ ಕೇಂದ್ರವಾಯಿತು. ತಮಿಳು ನಾಡಿನ ಮುಸ್ಲಿಮರು ಒಂದು ಕಡೆಯಿಂದ, ಸೊಲ್ಲಾಪುರದ ಸುತ್ತಿನ ಧೋರರು ಇನ್ನೊಂದು ಕಡೆಯಿಂದ ಈ ಕೆಲಸಕ್ಕೆ ಬಂದು ಸೇರಿದರು. 1971ರಲ್ಲಿ ಕಸಾಯಿಖಾನೆ ದೇವನಾರಿಗೆ ಸ್ಥಳಾಂತರಗೊಂಡಿತು. ಕ್ರಮೇಣ ಹದಮಾಡುವ ಕೆಲಸವೂ ಧಾರಾವಿಯಿಂದ ತೆರವಾಗಿ, ಸಿದ್ಧ ತೊಗಲಿನಿಂದ ಚೀಲ, ಪಟ್ಟಿ, ಪಾಕೀಟುಗಳನ್ನು ಹೊಲಿಯುವ ಉದ್ಯಮ ಅಲ್ಲಿ ಉಳಿಯಿತು. ಕಸುಬು ಹೋದರೂ ಕಕ್ಕಯ್ಯನ ಹೆಸರು ಹೋಗಲಿಲ್ಲ.

ಈ ಸಂಗತಿಯನ್ನು ಕನ್ನಡ ವಿಮರ್ಶೆಯ ಎದುರಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ವಚನ ಸಾಹಿತ್ಯದ ಓದಿನಲ್ಲಿ ನಾವು ತೊಗಲನ್ನು ಭಕ್ತಿಯ ಸಂಕೇತವಾಗಿ ಕಂಡಿದ್ದೇವೆ. ದಲಿತ ಸಾಹಿತ್ಯದ ಓದಿನಲ್ಲಿ ಅಪಮಾನದ ಸಂಕೇತವಾಗಿ ಕಂಡಿದ್ದೇವೆ. ಆದರೆ ಎರಡೂ ಓದುಗಳಲ್ಲಿ ತೊಗಲು ಒಂದು ಕೆಲಸವಾಗಿ, ತಿಂಗಳುಗಟ್ಟಲೆ ಒಂದು ಮನೆಯ ಅಂಗಳವನ್ನೂ ಮನೆಮಂದಿಯ ಕೈಗಳನ್ನೂ ಆವರಿಸಿಕೊಳ್ಳುವ ಕ್ರಿಯೆಯಾಗಿ ಕಾಣಿಸಿಕೊಂಡಿಲ್ಲ. ಈ ಕೊರತೆಯಿಂದ ಪಠ್ಯಗಳ ಅರ್ಥವೇ ಕುಂದಿದೆ ಎಂಬುದು ನಮ್ಮ ವಾದ.

2. ಮನೆಯಂಗಳದ ಕೆಲಸ

ರಾಜ್ಯದ ಹೊರಗಿನ ಸಂಶೋಧಕರಿಗಾಗಿ ದಖ್ಖನ್ ಪ್ರದೇಶದಲ್ಲಿ ಬಳಕೆಯಲ್ಲಿದ್ದ ವಿಧಾನವನ್ನು ಸ್ಥೂಲವಾಗಿ ವಿವರಿಸುವುದು ಅಗತ್ಯ. ಈ ವಿವರಗಳಿಲ್ಲದೆ ಮುಂದಿನ ಚರ್ಚೆಗೆ ಹಿಡಿತ ಸಿಗುವುದಿಲ್ಲ.

ಸತ್ತ ದನದ ತೊಗಲನ್ನು ಬೇಗನೆ ಸುಲಿಯಬೇಕು; ತಡವಾದರೆ ಕೊಳೆತು ಕೂದಲ ಮಗ್ಗುಲು ಕೆಡುತ್ತದೆ. ಸುಲಿದುದನ್ನು ತೊಳೆದು, ಕೂಡಲೇ ಕೆಲಸ ಹಿಡಿಯಲಾಗದಿದ್ದರೆ ಉಪ್ಪು ಸವರಿ ಇಡುತ್ತಾರೆ. ಆಮೇಲೆ ಸುಣ್ಣದ ನೀರಿನ ಬಾನಿಯಲ್ಲಿ ಅದನ್ನು ಹಲವು ದಿನ ನೆನೆಯಿಡಬೇಕು. ಸುಣ್ಣ ಕೂದಲಿನ ಬುಡವನ್ನು ಸಡಿಲಿಸುತ್ತದೆ, ತೊಗಲನ್ನು ಉಬ್ಬಿಸುತ್ತದೆ. ಬಳಿಕ ಬಾಗಿದ ಮರದ ದಿಮ್ಮಿಯ ಮೇಲೆ ಹರಡಿ, ಮೊಂಡು ಅಲಗಿನಿಂದ ಒಂದು ಮಗ್ಗುಲಿನ ಕೂದಲನ್ನೂ ಹರಿತ ಅಲಗಿನಿಂದ ಇನ್ನೊಂದು ಮಗ್ಗುಲಿನ ಮಾಂಸದ ಶೇಷವನ್ನೂ ಹೆರೆಯುತ್ತಾರೆ. ಇಷ್ಟಾದ ಮೇಲೆ ಸುಣ್ಣವನ್ನು ಪೂರ್ತಿಯಾಗಿ ತೊಳೆದು ತೆಗೆಯಬೇಕು. ಸುಣ್ಣ ಉಳಿದ ತೊಗಲು ಒಗರನ್ನು ಸರಿಯಾಗಿ ಹೀರದೆ ಒರಟಾಗಿ ಬಿರಿಯುತ್ತದೆ.

ಇನ್ನು ಒಗರು ಕುಡಿಸುವ ಹಂತ. ದಖ್ಖನ್ನಿನ ವಿಶಿಷ್ಟ ರೂಢಿ ಇಲ್ಲಿ ಕಾಣುತ್ತದೆ. ತೊಗಲನ್ನೇ ಚೀಲವಾಗಿ ಹೊಲಿದು, ಮರದ ಕವಲಿಗೆ ತೂಗುಹಾಕಿ, ಜಜ್ಜಿದ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಕಷಾಯವನ್ನು ಅದರೊಳಗೆ ತುಂಬುತ್ತಾರೆ. ಕಷಾಯ ತೊಗಲಿನ ಮೂಲಕವೇ ಜಿನುಗಿ ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕುತ್ತದೆ. ಅದನ್ನು ಮತ್ತೆ ಮೇಲಿನಿಂದ ಸುರಿಯುತ್ತಾರೆ. ಕೆಲವು ದಿನಗಳ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಕತ್ತಿನ ಭಾಗಕ್ಕೂ ಒಗರು ಏರುವಂತೆ ಮಾಡುತ್ತಾರೆ. ಹೀಗೆ ತನ್ನ ಹದಕ್ಕೆ ತೊಗಲೇ ಪಾತ್ರೆಯಾಗುತ್ತದೆ. ಬಯಲು ಸೀಮೆಯ ದಕ್ಷಿಣ ಭಾಗದಲ್ಲಿ ಜಾಲಿಯ ಬದಲಿಗೆ ತಂಗಡಿ ತೊಗಟೆ ಹೆಚ್ಚು ಬಳಕೆಯಲ್ಲಿತ್ತು. ತಂಗಡಿ ತೊಗಟೆಯಲ್ಲಿ ಶೇಕಡಾ 18ರ ಆಸುಪಾಸು, ಅಳಲೆಕಾಯಿಯಲ್ಲಿ ಸುಮಾರು 30ರಷ್ಟು ಒಗರಿನ ಅಂಶವಿರುತ್ತದೆ. ಮರಾಠಿಯಲ್ಲಿ ಹಿರ್ಡಾ ಎನ್ನುವ ಈ ಅಳಲೆಕಾಯಿ ಸಹ್ಯಾದ್ರಿಯ ಕಾಡಿನ ಉತ್ಪನ್ನ. ಕಡೆಗೆ ತೊಗಲನ್ನು ನೆರಳಿನಲ್ಲಿ ಒಣಗಿಸಿ, ಎಣ್ಣೆ ಉಜ್ಜಿ, ತಿಕ್ಕಿ ಮೆದುಗೊಳಿಸುತ್ತಾರೆ. ಎಲ್ಲ ಹಂತಗಳೂ ಸೇರಿ ಒಂದು ತಿಂಗಳಿನಷ್ಟು ಕಾಲ ಬೇಕಾಗುತ್ತದೆ. ಕ್ರೋಮ್ ಲವಣ ಬಳಸುವ ಕಾರ್ಖಾನೆಯಲ್ಲಿ ಒಗರಿನ ಈ ಹಂತಕ್ಕೆ ಬದಲಾದ ಕ್ರಿಯೆ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ.

ಇದರ ಹಿಂದಿನ ತತ್ತ್ವವನ್ನು ರಸಾಯನಶಾಸ್ತ್ರ ಸ್ಪಷ್ಟಪಡಿಸಿದೆ. ತೊಗಲಿನ ಕೊಲಾಜೆನ್ ನಾರುಗಳ ಜೊತೆ ಒಗರಿನ ಅಂಶ ಬೆಸೆದುಕೊಂಡು, ಅವು ಕೊಳೆಯದಂತೆ ತಡೆಯುತ್ತದೆ. ಹಸಿ ತೊಗಲು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಮುದುಡಿಹೋಗುತ್ತದೆ. ಒಗರು ಕುಡಿದುದು 75ರಿಂದ 85 ಡಿಗ್ರಿಯವರೆಗೆ ತಾಳುತ್ತದೆ. ಆದರೆ ಮನೆಯಂಗಳದಲ್ಲಿ ಉಷ್ಣಮಾಪಕವಿರಲಿಲ್ಲ. ಅಂಚನ್ನು ಕೊಯ್ದು ನೋಡಿದಾಗ ಎರಡು ಮಗ್ಗುಲುಗಳ ನಡುವೆ ಬಿಳಿಯ ಗೆರೆ ಉಳಿದಿದ್ದರೆ ಒಗರು ಇನ್ನೂ ಒಳಕ್ಕೆ ಇಳಿದಿಲ್ಲವೆಂದು ಅರ್ಥ. ಸುಣ್ಣ ಹೋಯಿತೇ, ಮೆದು ಬಂದಿತೇ ಎಂಬುದನ್ನು ಬೆರಳಿನಿಂದ ಒತ್ತಿ, ಮಡಿಸಿ, ಉಜ್ಜಿ ತಿಳಿಯಬೇಕು. ಅಂದರೆ ಈ ವಿದ್ಯೆಯ ಪ್ರಮಾಣ ಸ್ಪರ್ಶ. ನೀರು ಹೊರುವುದು, ತೊಗಟೆ ಜಜ್ಜುವುದು, ಕಷಾಯ ಮರಳಿ ಸುರಿಯುವುದು ಮುಂತಾದ ಕೆಲಸಗಳಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಹೀಗೆ ಸಿದ್ಧವಾದ ತೊಗಲಿನಿಂದಲೇ ಬಾವಿಯ ಕಪಿಲೆ, ಕಮ್ಮಾರನ ತಿದಿ, ನೇಗಿಲಿನ ಮಿಣಿ, ಬಾರುಕೋಲು, ಮೆಟ್ಟು ಎಲ್ಲವೂ ಆಗುತ್ತಿದ್ದವು. ಬೇಸಾಯದ ಬದುಕು ಈ ಅಂಗಳವಿಲ್ಲದೆ ನಡೆಯುತ್ತಿರಲಿಲ್ಲ. ಆದರೂ ಆ ಅಂಗಳ ಊರಿನ ಹೊರಗೇ ಇರಬೇಕಾಗಿತ್ತು.

3. 'ಹದ' ಎಂಬ ಮಾತು

ಈ ಕೆಲಸಕ್ಕೆ ಕನ್ನಡದಲ್ಲಿ ಇರುವ ಮಾತು 'ಹದಮಾಡು'. ಹಳೆಯ 'ಪದ' ಎಂಬ ರೂಪ ಪಕಾರ ಹಕಾರವಾಗುವ ನಿಯಮದಂತೆ 'ಹದ'ವಾಗಿದೆ. ತಮಿಳಿನ 'ಪದಂ' ಇದರ ಜ್ಞಾತಿಪದ. ತಮಿಳಿನಲ್ಲಿಯೂ ತೊಗಲಿನ ಈ ಕೆಲಸಕ್ಕೆ 'ಪದನಿಡುದಲ್' ಎಂದೇ ಹೆಸರು. ಮಣ್ಣಿಗೆ ಹದವಿದೆ, ಬೆಲ್ಲದ ಪಾಕಕ್ಕೆ ಹದವಿದೆ, ಕಾಯಿಸಿದ ಕಬ್ಬಿಣಕ್ಕೆ ಹದವಿದೆ. ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ, ತಕ್ಕ ಹೊತ್ತಿನಲ್ಲಿ ಮಾತ್ರ ದೊರೆಯುವ ಒಂದು ಸ್ಥಿತಿಯನ್ನು ಈ ಪದ ಸೂಚಿಸುತ್ತದೆ. ಆ ಸ್ಥಿತಿಯನ್ನು ತಿಳಿಯಲು ಅನುಭವವುಳ್ಳ ಕೈ ಬೇಕು.

ಮರಾಠಿ ಮತ್ತು ಹಿಂದಿಗಳು ಬೇರೆ ದಾರಿ ಹಿಡಿದಿವೆ. ಮರಾಠಿಯಲ್ಲಿ 'ಕಾತಡೇ ಕಮಾವಣೇ', ಹಿಂದಿಯಲ್ಲಿ 'ಚಮಡಾ ಕಮಾನಾ' ಎನ್ನುತ್ತಾರೆ. ಅದೇ ಕ್ರಿಯಾಪದಕ್ಕೆ ಸಂಪಾದಿಸು ಎಂಬ ಅರ್ಥವೂ ಉಂಟು. ಅಲ್ಲಿ ಒತ್ತು ದುಡಿಮೆಯ ಮೇಲೆ. ಕನ್ನಡ, ತಮಿಳುಗಳಲ್ಲಿ ಒತ್ತು ಪಕ್ವತೆಯ ಮೇಲೆ. ಟಿಟ್ವಾಳಾ, ಕಲ್ಯಾಣಗಳಂತಹ ಊರುಗಳಲ್ಲಿ ಈ ಎರಡೂ ಭಾಷೆಗಳನ್ನು ಒಟ್ಟಿಗೆ ಕೇಳುವವರಿಗೆ ಈ ವ್ಯತ್ಯಾಸ ತಾನಾಗಿ ಹೊಳೆಯಬಲ್ಲದು. ಎರಡು ಮಾತುಗಳೂ ಒಂದೊಂದು ಸತ್ಯವನ್ನು ಹಿಡಿದಿವೆ: ಒಂದರಲ್ಲಿ ಶ್ರಮವಿದೆ, ಇನ್ನೊಂದರಲ್ಲಿ ಜ್ಞಾನವಿದೆ.

ಕನ್ನಡ ಸಾಹಿತ್ಯ ವಿಮರ್ಶೆಗೆ 'ಹದ' ಅತ್ಯಂತ ಪ್ರಿಯವಾದ ಪದ. ಭಾಷೆಯ ಹದ, ಹದವರಿತ ಹಾಸ್ಯ, ಹದಗೊಂಡ ಅನುಭವ ಎಂಬ ಮಾತುಗಳಿಲ್ಲದೆ ನಮ್ಮ ವಿಮರ್ಶಾ ಗದ್ಯ ಮುಂದೆ ಸಾಗುವುದಿಲ್ಲ. ಈ ಪ್ರಯೋಗಗಳ ಹಿಂದೆ ನಾವು ನೆನೆಯುವುದು ಹೊಲದ ಹದವನ್ನು, ಅಡುಗೆಯ ಹದವನ್ನು. ತೊಗಲಿನ ಹದವನ್ನು ನೆನೆಯುವವರು ವಿರಳ. ನೋಡಿದರೆ, ಕೊಳೆಯುವ ವಸ್ತುವನ್ನು ಕೊಳೆಯದಂತೆ ಮಾಡಿ ಬಾಳಿಕೆಗೆ ತರುವುದು ಕಾವ್ಯದ ಕೆಲಸಕ್ಕೆ ಹೆಚ್ಚು ಸಮೀಪವಾದ ಹೋಲಿಕೆ. ನಮ್ಮ ಪರಿಭಾಷೆ ತನ್ನ ಒಂದು ಬೇರನ್ನು ಮರೆತಿದೆ. ಆ ಮರೆವಿಗೆ ಭಾಷೆಯ ಕಾರಣಕ್ಕಿಂತ ಸಮಾಜದ ಕಾರಣವೇ ಬಲವಾದುದು.

4. ಕಕ್ಕಯ್ಯನ ವಚನ

1923ರಲ್ಲಿ ಫ. ಗು. ಹಳಕಟ್ಟಿಯವರ 'ವಚನ ಶಾಸ್ತ್ರ ಸಾರ' ಪ್ರಕಟವಾದಂದಿನಿಂದ 1993ರಲ್ಲಿ ಸಮಗ್ರ ವಚನ ಸಂಪುಟಗಳು ಹೊರಬರುವವರೆಗೆ ನಡೆದ ಸಂಪಾದನ ಕಾರ್ಯದ ಫಲವಾಗಿ, ಕೆಳಸ್ತರದ ಕಸುಬುಗಳಿಂದ ಬಂದ ಶರಣರ ವಚನಗಳು ನಮಗೆ ಸುಲಭವಾಗಿ ದೊರೆಯುತ್ತಿವೆ. 'ಅಭಿನವ ಮಲ್ಲಿಕಾರ್ಜುನ' ಎಂಬ ಅಂಕಿತದ ಡೋಹರ ಕಕ್ಕಯ್ಯನ ವಚನಗಳಲ್ಲಿ ಉಳಿದು ಬಂದಿರುವವು 6 ಮಾತ್ರ. ಆತ ಮಾಳವ ದೇಶದಿಂದ ಕಲ್ಯಾಣಕ್ಕೆ ಬಂದವನೆಂದೂ, ಕಲ್ಯಾಣದ ಕ್ರಾಂತಿಯ ತರುವಾಯ ಶರಣರೊಡನೆ ಹೊರಟು ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿ ಐಕ್ಯನಾದನೆಂದೂ ಪರಂಪರೆ ಹೇಳುತ್ತದೆ.

ಆತನ ಒಂದು ವಚನ ಪ್ರಸಿದ್ಧವಾಗಿದೆ. ಕಷ್ಟವಾದ ಕುಲದಲ್ಲಿ ತನ್ನನ್ನು ಹುಟ್ಟಿಸಿದ ಲಿಂಗತಂದೆಯನ್ನು ಅದು ಸಂಬೋಧಿಸುತ್ತದೆ. ಮುಟ್ಟಿಯೂ ಮುಟ್ಟದಂತಿರುವ ಸಂಕಟವನ್ನು ತೋಡಿಕೊಳ್ಳುತ್ತದೆ. ಕೈ ಮುಟ್ಟದಿದ್ದರೆ ಮನ ಮುಟ್ಟಲಾಗದೆ ಎಂಬ ಪ್ರಶ್ನೆಯಲ್ಲಿ ಕೊನೆಗೊಳ್ಳುತ್ತದೆ. ಈ ವಚನಕ್ಕೆ ರೂಢಿಯಲ್ಲಿರುವ ವ್ಯಾಖ್ಯಾನ ಹೀಗಿದೆ: ಕೈ ಅಸ್ಪೃಶ್ಯತೆಯ ಗುರುತು, ಮನ ಭಕ್ತಿಯ ಗುರುತು, ಕಕ್ಕಯ್ಯ ಹೊರಗಿನ ಮೈಲಿಗೆಯನ್ನು ಒಳಗಿನ ಶುದ್ಧಿಯಿಂದ ದಾಟುತ್ತಾನೆ. ಈ ವ್ಯಾಖ್ಯಾನ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇದು ಅಪೂರ್ಣವಾದುದು. ಇದರಲ್ಲಿ ಕೈ ಬರಿಯ ಜಾತಿಯ ಚಿಹ್ನೆಯಾಗಿದೆ. ಆ ಕೈ ಏನು ಮಾಡುತ್ತಿತ್ತೆಂಬ ಪ್ರಶ್ನೆ ಏಳುವುದೇ ಇಲ್ಲ.

ಡೋಹರನ ಕೈ ಸುಣ್ಣದಲ್ಲಿ ಬಿರಿದ, ಒಗರಿನಲ್ಲಿ ಕಂದಿದ ಕೈ. ಅದಕ್ಕಿಂತ ಮುಖ್ಯವಾಗಿ, ಮುಟ್ಟಿ ತಿಳಿಯುವುದನ್ನೇ ವಿದ್ಯೆಯಾಗಿ ಪಡೆದ ಕೈ. ಹದ ಬಂದಿತೋ ಇಲ್ಲವೋ ಎಂಬುದನ್ನು ಅದು ಸ್ಪರ್ಶದಿಂದಲೇ ನಿರ್ಣಯಿಸುತ್ತದೆ. ಸ್ಪರ್ಶವೇ ಪ್ರಮಾಣವಾದ ಕಸುಬಿನವನಿಗೆ ಸ್ಪರ್ಶವನ್ನೇ ನಿಷೇಧಿಸಿರುವುದು ಈ ವಚನದ ಒಳಗಿನ ವೈಪರೀತ್ಯ. ಎಲ್ಲವನ್ನೂ ಮುಟ್ಟಿ ಅರಿಯಬಲ್ಲವನು ತನಗೆ ಅತ್ಯಂತ ಬೇಕಾದುದನ್ನು ಮಾತ್ರ ಮುಟ್ಟಿ ಅರಿಯಲಾರ. ಹೀಗೆ ಓದಿದಾಗ ಕೊನೆಯ ಪ್ರಶ್ನೆಯ ಧಾಟಿಯೂ ಬದಲಾಗುತ್ತದೆ. ಮನ ಮುಟ್ಟಬಲ್ಲದು ಎಂಬುದು ಸುಲಭವಾದ ಸಮಾಧಾನವಾಗಿ ಉಳಿಯದೆ, ಕೈಯಿಂದ ಕಿತ್ತುಕೊಂಡ ಹಕ್ಕನ್ನು ಮನಸ್ಸಿಗೆ ವಹಿಸಬೇಕಾಗಿ ಬಂದವನ ನೋವಾಗಿ ಕೇಳಿಸುತ್ತದೆ. ಅಲ್ಲಿ ಮನ ಕೂಡ ಕೈಯ ಕ್ರಿಯಾಪದವನ್ನೇ ಬಳಸುತ್ತದೆ: ಅದು ನೆನೆಯುವುದಿಲ್ಲ, ಧ್ಯಾನಿಸುವುದಿಲ್ಲ, ಮುಟ್ಟುತ್ತದೆ. ಕಸುಬಿನವನ ಮನಸ್ಸಿಗೆ ಅರಿವಿನ ಬೇರೆ ದಾರಿ ತಿಳಿಯದು.

ಇದರ ಜೊತೆಗೆ ಬಸವಣ್ಣನವರ ಒಂದು ಪ್ರಸಿದ್ಧ ವಚನವನ್ನು ಇಟ್ಟು ನೋಡಬೇಕು. ಚೆನ್ನಯ್ಯನ ಮನೆಯ ದಾಸನ ಮಗನೂ ಕಕ್ಕಯ್ಯನ ಮನೆಯ ದಾಸಿಯ ಮಗಳೂ ಸಗಣಿಗೆ ಹೋದಲ್ಲಿ ಕೂಡಿದಾಗ ಹುಟ್ಟಿದವನು ತಾನೆಂದು ಅವರು ಅಲ್ಲಿ ಹೇಳಿಕೊಳ್ಳುತ್ತಾರೆ. ಜಾತಿಯ ಪ್ರತಿಷ್ಠೆಯನ್ನು ಒಂದೇ ಏಟಿಗೆ ಒಡೆಯುವ ಈ ವಚನದ ಧೈರ್ಯ ನಿರ್ವಿವಾದವಾದುದು. ಆದರೆ ಇಲ್ಲಿ ಕಕ್ಕಯ್ಯನ ಮನೆ ಒಂದು ವಂಶದ ಹೆಸರಾಗಿ ಮಾತ್ರ ಬರುತ್ತದೆ. ಆ ಮನೆಯ ದಾಸಿಯ ಮಗಳು ಹೊಲದ ಸಗಣಿಗೆ ಹೋಗುತ್ತಾಳೆ, ಜಾಲಿಯ ತೊಗಟೆಗೆ ಹೋಗುವುದಿಲ್ಲ. ಆ ಮನೆಯ ಬಾನಿ, ತೂಗುವ ತೊಗಲು, ವಾಸನೆ ಇವುಗಳಿಗೆ ವಚನದಲ್ಲಿ ಎಡೆಯಿಲ್ಲ. ಇದನ್ನು ವಚನದ ದೋಷವೆಂದು ಎಣಿಸಲಾಗದು, ಅದರ ಉದ್ದೇಶವೇ ಬೇರೆ. ಆದರೆ ಕಕ್ಕಯ್ಯನನ್ನು ಬಸವಣ್ಣನವರ ಮೂಲಕವೇ ತಿಳಿಯುತ್ತ ಬಂದ ವಿಮರ್ಶೆ, ಹೆಸರಿನ ಆಚೆಗೆ ಮನೆಯೊಳಗೆ ಕಾಲಿಡಲಿಲ್ಲ.

ಮಾದಾರ ಚೆನ್ನಯ್ಯನ ವಿಷಯದಲ್ಲಿ ಪಠ್ಯವೇ ನಮಗೆ ಸುಳಿವು ಕೊಡುತ್ತದೆ. ಆತನ ಅಂಕಿತದಲ್ಲಿಯೇ ಉಳಿ, ಕತ್ತಿ, ಅಡಿಗೂಂಟಗಳೆಂಬ ಕಸುಬಿನ ಮುಟ್ಟುಗಳು ಸೇರಿಕೊಂಡಿವೆ. ದೇವರ ಹೆಸರಿನೊಡನೆ ಕೆಲಸದ ಆಯುಧಗಳನ್ನು ಕೂಡಿಸಿ ಹೇಳುವ ಇಂತಹ ಅಂಕಿತ ವಚನ ಸಾಹಿತ್ಯದಲ್ಲಿಯೂ ವಿರಳ. ಜೇಡರ ದಾಸಿಮಯ್ಯನ ಮಗ್ಗ, ಅಂಬಿಗರ ಚೌಡಯ್ಯನ ದೋಣಿಗಳ ಬಗೆಗೆ ನಮ್ಮ ವ್ಯಾಖ್ಯಾನಕಾರರು ಆಸಕ್ತಿಯಿಂದ ಬರೆದಿದ್ದಾರೆ. ತೊಗಲಿನ ಮುಟ್ಟುಗಳಿಗೆ ಅಷ್ಟು ಗಮನ ಸಂದಿಲ್ಲ. ಮಗ್ಗವೂ ದೋಣಿಯೂ ಓದುಗರ ಮನಸ್ಸಿಗೆ ಮೈಲಿಗೆ ತರುವುದಿಲ್ಲ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ನಮಗೆ ಕಾಣುವುದಿಲ್ಲ.

5. ಹರಳಯ್ಯನ ಕಥೆ: ಒಂದು ಮಾತಿನಲ್ಲಿ ಮುಗಿದ ತಿಂಗಳು

ಸಮಗಾರ ಹರಳಯ್ಯನ ಕಥೆ ಕನ್ನಡಿಗರಿಗೆ ಚಿರಪರಿಚಿತ. ತನ್ನ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದಾಗ, ಆ ಋಣದ ಭಾರವನ್ನು ತಾಳಲಾರದೆ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ತೊಗಲಿನಿಂದ ಪಾದರಕ್ಷೆಗಳನ್ನು ಮಾಡಿ ಅರ್ಪಿಸುತ್ತಾರೆ. ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲೆ ಹೊರುತ್ತಾರೆ. ಅನರ್ಹನೊಬ್ಬ ಮೆಟ್ಟಿದಾಗ ಅವನ ಮೈ ಉರಿಯುತ್ತದೆ. ಡಿ. ಆರ್. ನಾಗರಾಜರ 1993ರ ಇಂಗ್ಲಿಷ್ ಲೇಖನ ಸಂಕಲನದ 'ದಿ ಫ್ಲೇಮಿಂಗ್ ಫೀಟ್' ಎಂಬ ಹೆಸರು ಈ ಉರಿಯನ್ನೇ ನೆನಪಿಸುತ್ತದೆ.

ಈ ಕಥೆಯ ನಿರೂಪಣೆಗಳಲ್ಲಿ ಒಂದು ಕಡೆ ನಮ್ಮ ಗಮನ ನಿಲ್ಲುತ್ತದೆ. ತೊಡೆಯ ತೊಗಲು ಪಾದರಕ್ಷೆಯಾಗಬೇಕಾದರೆ ಹದವಾಗಬೇಕು. ಹಸಿ ತೊಗಲಿನಿಂದ ಮೆಟ್ಟು ಆಗದು. ನಾವು ಕಂಡ ನಿರೂಪಣೆಗಳಲ್ಲಿ ಈ ಹಂತ ಒಂದೋ ಇರುವುದಿಲ್ಲ, ಇಲ್ಲವೆ 'ಹದಮಾಡಿ' ಎಂಬ ಒಂದೇ ಕೃದಂತಾವ್ಯಯದಲ್ಲಿ ಮುಗಿದುಹೋಗುತ್ತದೆ. ತೊಗಲು ಕೊಡುವ ತ್ಯಾಗದ ಕ್ಷಣವಿದೆ, ಪಾದರಕ್ಷೆ ತಲೆಗೇರುವ ಗೌರವದ ಕ್ಷಣವಿದೆ. ಅವೆರಡರ ನಡುವೆ ಗಾಯಗೊಂಡ ಇಬ್ಬರು ತಮ್ಮದೇ ತೊಗಲನ್ನು ಸುಣ್ಣದಲ್ಲಿ ನೆನೆಯಿಟ್ಟು, ಹೆರೆದು, ಒಗರು ಕುಡಿಸಿ, ಬೆರಳಿನಿಂದ ಒತ್ತಿ ಹದ ನೋಡುತ್ತ ಕಳೆದಿರಬೇಕಾದ ದಿನಗಳಿಲ್ಲ. ತ್ಯಾಗ ಕ್ಷಣಿಕವಾದ ಆವೇಶದಲ್ಲಿಯೂ ಆಗಬಹುದು. ಹದಕ್ಕೆ ಮಾತ್ರ ತಾಳ್ಮೆ ಬೇಕು, ಪ್ರತಿದಿನ ಮತ್ತೆ ನಿರ್ಧರಿಸಬೇಕು. ಕಥೆ ಈ ದಿನಗಳನ್ನು ಬಿಟ್ಟುದರಿಂದ ಹರಳಯ್ಯ ದಂಪತಿಗಳು ಭಕ್ತರಾಗಿ ಉಳಿದರು, ಕಸುಬುದಾರರಾಗಿ ಮರೆಯಾದರು. ಕಲ್ಯಾಣಮ್ಮನಂತೂ ಪತಿಯ ತ್ಯಾಗದ ಸಹಭಾಗಿ ಮಾತ್ರವಾದಳು.

ಆಧುನಿಕ ನಾಟಕಗಳು ಕಲ್ಯಾಣದ ವಸ್ತುವನ್ನು ಹೊಸದಾಗಿ ಶೋಧಿಸಿವೆ. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' (1986) ದುಡಿಯುವ ವರ್ಗಗಳ ಶರಣರನ್ನು ಮುನ್ನೆಲೆಗೆ ತಂದ ಮಹತ್ತ್ವದ ಕೃತಿ. ಗಿರೀಶ ಕಾರ್ನಾಡರ 'ತಲೆದಂಡ' (1990) ಹರಳಯ್ಯನ ಮಗ ಮತ್ತು ಮಧುವರಸನ ಮಗಳ ವಿವಾಹವನ್ನು ರಾಜಕೀಯ ದುರಂತದ ಕೇಂದ್ರವಾಗಿಸಿತು. ಇಲ್ಲಿಯೂ ಒಂದು ಶ್ರೇಣಿಯನ್ನು ಗುರುತಿಸಬಹುದು. ರಂಗಭೂಮಿಯ ಗಮನ ಹೆಚ್ಚಾಗಿ ಹೊಲಿಯುವ ಸಮಗಾರನ ಕಡೆಗೆ ಹರಿಯಿತು. ಹದಮಾಡುವ ಡೋಹರ ಹಿನ್ನೆಲೆಯಲ್ಲಿ ಉಳಿದ. ಸಮಾಜದಲ್ಲಿಯೂ ಸಿದ್ಧ ತೊಗಲನ್ನು ಹೊಲಿಯುವವರು ಹಸಿ ತೊಗಲನ್ನು ಹದಮಾಡುವವರಿಗಿಂತ ಮೇಲಿನವರೆಂಬ ಭಾವನೆ ಬೇರೂರಿತ್ತು. ಸತ್ತ ದನಕ್ಕೆ ಹತ್ತಿರವಾದಷ್ಟೂ ಮನುಷ್ಯ ಅದೃಶ್ಯನಾಗುವ ಈ ಕ್ರಮ ಸಾಹಿತ್ಯದೊಳಗೂ ಕೆಲಸ ಮಾಡಿದೆಯೇ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಕಾದಂಬರಿಯ ಕ್ಷೇತ್ರದಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' (1933) ಒಂದು ಮುಖ್ಯ ಉದಾಹರಣೆ. ದುಡಿಯ ನಾದದ ಬಗೆಗೆ, ಅದರಲ್ಲಿ ಹೊಮ್ಮುವ ಚೋಮನ ಸಂಕಟದ ಬಗೆಗೆ ಕನ್ನಡದಲ್ಲಿ ವಿಪುಲವಾದ ವಿಮರ್ಶೆ ಬಂದಿದೆ. ದುಡಿಗೆ ಬಿಗಿದದ್ದು ತೊಗಲು ಎಂಬುದನ್ನು ಆ ಚರ್ಚೆಗಳು ಬಹುಮಟ್ಟಿಗೆ ಮರೆತಿವೆ. ನಾದವನ್ನು ಕೇಳಿದ ನಾವು, ನಾದ ಬರುವಂತೆ ಆ ತೊಗಲನ್ನು ಅಣಿಗೊಳಿಸಿದ ಕೈಯನ್ನು ಕೇಳಲಿಲ್ಲ.

6. ಬಿಡಬೇಕಾದುದು, ಉಳಿಸಬೇಕಾದುದು

ಈ ವಾದಕ್ಕೆ ಗಂಭೀರವಾದ ಒಂದು ಆಕ್ಷೇಪ ಉಂಟು. ಕಸುಬನ್ನು ಜ್ಞಾನವೆಂದು ಹೊಗಳುವುದು, ಜನರನ್ನು ಅದೇ ಕಸುಬಿಗೆ ಕಟ್ಟಿಹಾಕಿದ ವ್ಯವಸ್ಥೆಯನ್ನು ಪರೋಕ್ಷವಾಗಿ ಸಮರ್ಥಿಸಿದಂತೆ ಆಗುವುದಿಲ್ಲವೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಮುಂದೆ ಹೋಗುವಂತಿಲ್ಲ.

1927ರ ಮಾರ್ಚಿನಲ್ಲಿ ಕೊಂಕಣದ ಮಹಾಡದಲ್ಲಿ ನಡೆದ ಸಮ್ಮೇಳನದಲ್ಲಿ ಡಾ. ಅಂಬೇಡ್ಕರರು ಸತ್ತ ದನವನ್ನು ಎಳೆಯುವುದನ್ನೂ ಅದರ ಮಾಂಸ ತಿನ್ನುವುದನ್ನೂ ಬಿಡಬೇಕೆಂದು ತಮ್ಮ ಜನರಿಗೆ ಕರೆ ಕೊಟ್ಟರು. 1934ರಲ್ಲಿ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಹಳ್ಳಿಯ ಹದಗಾರಿಕೆಯನ್ನು ವೈಜ್ಞಾನಿಕವಾಗಿ ಸುಧಾರಿಸಿ ಗ್ರಾಮೋದ್ಯೋಗವಾಗಿ ಬೆಳೆಸುವ ಬಗೆಗೆ ಬರೆದರು. ಒಬ್ಬರು ಕೆಲಸಕ್ಕೆ ಅಂಟಿದ ಬಿಟ್ಟಿಯನ್ನು ಕಂಡರು, ಇನ್ನೊಬ್ಬರು ಕೆಲಸದಲ್ಲಿ ಅಡಗಿದ ವಿದ್ಯೆಯನ್ನು ಕಂಡರು. ಹುಟ್ಟಿನಿಂದ ಹೊರಿಸಿದ ಕೆಲಸವನ್ನು ಮೊದಲು ಕಳಚದೆ ಅದರ ಘನತೆಯ ಮಾತಾಡುವುದು ವ್ಯರ್ಥವೆಂಬ ಅಂಬೇಡ್ಕರರ ನಿಲುವೇ ನಮಗೆ ಹೆಚ್ಚು ಒಪ್ಪಿತವಾಗುತ್ತದೆ. ಆ ಕೆಲಸವನ್ನು ಬಿಡುವ ಹಕ್ಕು ಇಲ್ಲದವನಿಗೆ ಅದರ ಹಿರಿಮೆಯನ್ನು ಹೇಳುವುದು ಕ್ರೌರ್ಯ.

ಓಂಪ್ರಕಾಶ ವಾಲ್ಮೀಕಿಯವರ ಹಿಂದಿ ಆತ್ಮಕಥೆ 'ಜೂಠನ್' (1997) ಇದನ್ನು ಮರೆಯಲಾಗದಂತೆ ಕಾಣಿಸಿದೆ. ಶಾಲೆಯಲ್ಲಿ ಓದುತ್ತಿದ್ದ ಹುಡುಗ ಸತ್ತ ಎತ್ತನ್ನು ಸುಲಿಯಲು ಚಿಕ್ಕಪ್ಪನಿಗೆ ನೆರವಾಗಿ, ತೊಗಲಿನ ಗಂಟನ್ನು ಹೊತ್ತು ಬರಬೇಕಾಗುತ್ತದೆ. ಆ ಪುಟಗಳಲ್ಲಿ ಕೈ ನಡುಗುತ್ತದೆ. ಅಲ್ಲಿ ಹದದ ಮಾತಿಗೆ ಎಡೆಯೇ ಇಲ್ಲ. ಇರಬೇಕೆಂದು ಕೇಳುವ ಅಧಿಕಾರವೂ ಓದುಗನಿಗಿಲ್ಲ. 2016ರ ಜುಲೈಯಲ್ಲಿ ಗುಜರಾತದ ಊನಾದಲ್ಲಿ ಸತ್ತ ಹಸುವಿನ ತೊಗಲು ಸುಲಿಯುತ್ತಿದ್ದ ದಲಿತ ಯುವಕರನ್ನು ಥಳಿಸಲಾಯಿತು. ಪ್ರತಿಭಟನೆಯಾಗಿ ಅಲ್ಲಿಯ ದಲಿತರು ಸತ್ತ ದನಗಳನ್ನು ಸರಕಾರಿ ಕಚೇರಿಗಳ ಮುಂದೆ ತಂದು ಹಾಕಿ, ಇನ್ನು ಈ ಕೆಲಸ ಮಾಡುವುದಿಲ್ಲವೆಂದರು. ಮಾಡಿದರೆ ಏಟು, ಮಾಡದಿದ್ದರೆ ಹಸಿವು ಎಂಬ ಸ್ಥಿತಿಯಲ್ಲಿ ಕಸುಬಿನ ಸೌಂದರ್ಯದ ಚರ್ಚೆ ಬಹಳ ಎಚ್ಚರದಿಂದ ನಡೆಯಬೇಕು.

ಆದರೆ ಬಿಟ್ಟಿಯನ್ನು ಬಿಡುವುದಕ್ಕೂ ವಿದ್ಯೆಯನ್ನು ಇಲ್ಲವೆನ್ನುವುದಕ್ಕೂ ವ್ಯತ್ಯಾಸವಿದೆ. ಅಥಣಿ, ನಿಪ್ಪಾಣಿಗಳಲ್ಲಿಯೂ ಕೊಲ್ಹಾಪುರದ ಸುತ್ತಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ ಆಧಾರವಾದುದು ತೊಗಟೆಯ ಒಗರು ಕುಡಿದ ತೊಗಲು. ಈ ಚಪ್ಪಲಿಗೆ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳ ಹೆಸರಿನಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆತಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನಲ್ಲಿ ಇಂತಹುದೇ ಚಪ್ಪಲಿಗಳನ್ನು ಪ್ರದರ್ಶಿಸಿದಾಗ ದೊಡ್ಡ ಚರ್ಚೆ ಎದ್ದಿತು. ವಿನ್ಯಾಸ ಯಾರದು, ಹೆಸರು ಯಾವ ನಾಡಿನದು, ಹೊಲಿದವರಿಗೆ ಏನು ಸಲ್ಲಬೇಕು ಎಂದೆಲ್ಲ ವಾದ ನಡೆಯಿತು. ತೊಗಲನ್ನು ಹದಮಾಡಿದವನು ಆ ಚರ್ಚೆಯ ಅಂಚಿನಲ್ಲಿಯೇ ಉಳಿದ. ಹರಳಯ್ಯನ ಕಥೆಯಲ್ಲಿ ಒಂದು ಕೃದಂತಾವ್ಯಯಕ್ಕೆ ಇಳಿದ ಕೆಲಸ ಮಾರುಕಟ್ಟೆಯ ಕಥೆಯಲ್ಲಿ ಆ ಒಂದು ಮಾತನ್ನೂ ಕಳೆದುಕೊಂಡಿದೆ.

7. ಉಪಸಂಹಾರ

ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಧೋರ್, ಕಕ್ಕಯ್ಯ, ಕಂಕಯ್ಯ ಎಂಬ ಹೆಸರುಗಳು ಒಂದೇ ಸಾಲಿನಲ್ಲಿ ಬರುತ್ತವೆ. ವಚನಕಾರನೊಬ್ಬನ ಹೆಸರು ಸಂವಿಧಾನದ ಆಶ್ರಯದಲ್ಲಿ ಒಂದು ಸಮುದಾಯದ ಹೆಸರಾಗಿದೆ. ಸಾಹಿತ್ಯ ಚರಿತ್ರೆಯಲ್ಲಿ ಕಕ್ಕಯ್ಯ 6 ವಚನಗಳ ಕವಿ. ಪಟ್ಟಿಯಲ್ಲಿ ಅವನು ಜಾತಿ. ಧಾರಾವಿಯಲ್ಲಿ ಅವನು ರಸ್ತೆ, ಸಂತ, ಪೂರ್ವಜ. ಈ ಮೂರನ್ನು ಕೂಡಿಸಿ ಓದುವ ಕೆಲಸ ವಿಮರ್ಶೆಗೆ ಸೇರಿದ್ದು. ಅದನ್ನು ಸಮಾಜಶಾಸ್ತ್ರಕ್ಕೆ ಒಪ್ಪಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಇದಕ್ಕಾಗಿ ಎರಡು ಕೆಲಸಗಳು ತುರ್ತಾಗಿ ಆಗಬೇಕೆಂದು ನಮಗೆ ತೋರುತ್ತದೆ. ಮೊದಲನೆಯದು, ಗಡಿಯ ಎರಡೂ ಕಡೆಗಳಲ್ಲಿ ಈ ಕೆಲಸವನ್ನು ಕೈಯಾರೆ ಬಲ್ಲ ಹಿರಿಯರು ಇರುವಾಗಲೇ ಅವರ ಮಾತುಗಳನ್ನು ಕೂಡಿಸುವುದು. ಬೇಸಾಯ, ಕುಂಬಾರಿಕೆಗಳ ಪದಗಳನ್ನು ಸಂಗ್ರಹಿಸಿದ ಅನುಭವ ಕನ್ನಡಕ್ಕೆ ಇದೆ. ತೊಗಲಿನ ಪದಗಳನ್ನು ಕನ್ನಡ, ಮರಾಠಿ, ತೆಲುಗು, ಉರ್ದುಗಳಲ್ಲಿ ಒಟ್ಟಿಗೆ ಕಲೆಹಾಕಿದರೆ ಮಾತ್ರ ಅವುಗಳ ಪೂರ್ಣ ಚಿತ್ರ ದೊರೆಯುತ್ತದೆ. ಹೊರನಾಡಿನಲ್ಲಿರುವ ಕನ್ನಡ ಅಧ್ಯಯನ ಪೀಠಗಳಿಗೆ ಈ ಕೆಲಸ ಒಳನಾಡಿನ ಸಂಸ್ಥೆಗಳಿಗಿಂತ ಹೆಚ್ಚು ಸಾಧ್ಯ. ಎರಡನೆಯದು, ಈ ಪದಗಳನ್ನು ಕೈಯಲ್ಲಿ ಹಿಡಿದು ವಚನಗಳಿಗೆ ಮರಳುವುದು. ಸಂಕೇತವೆಂದು ನಾವು ದಾಟಿ ಹೋದ ಎಷ್ಟೋ ಕಡೆ ಒಂದು ನಿಖರವಾದ ಕ್ರಿಯೆ ಅಡಗಿರಬಹುದು.

ವಿಮರ್ಶೆ ಇಲ್ಲಿಯವರೆಗೆ ತೊಗಲನ್ನು ಕೈಯಿಂದ ಮುಟ್ಟದೆ ಮನಸ್ಸಿನಿಂದ ಮುಟ್ಟಿದೆ. ಕಕ್ಕಯ್ಯನಿಗೆ ಅದು ಅನಿವಾರ್ಯವಾಗಿತ್ತು, ನಮಗೆ ಅದು ಅನುಕೂಲವಾಗಿದೆ. ಈ ವ್ಯತ್ಯಾಸವನ್ನು ಒಪ್ಪಿಕೊಳ್ಳುವುದರಿಂದಲೇ ಆ 6 ವಚನಗಳ ಹೊಸ ಓದು ಆರಂಭವಾಗಬೇಕು.